ಹೆಪ್ಪು ಉಳಿಯದ ಊರು

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿನವರಿಗೆ ಯಾರೋ ತಮ್ಮನ್ನೇ ಕರೆದ ಹಾಗೆ ಕೇಳಿಸಿ, "ಬಂದೆ!" ಎನ್ನುತ್ತ ಎದ್ದು ಬಂದುಬಿಡುತ್ತಾರೆ. ಅಷ್ಟು ಜನಕ್ಕೆ ಕಾಫಿ ಕಾಸಿಕೊಡುವ ತಾಳ್ಮೆ ನನಗಿಲ್ಲ.

ಬೆಳಗಾದರೆ ಆ ಊರಲ್ಲಿ ಕೇಳಿಸುತ್ತಿದ್ದದ್ದು ಎರಡೇ ಮಾತು. ಈ ಬಾಗಿಲಿಂದ "ಬಾ". ಆ ಬಾಗಿಲಿಂದ "ಬಂದೆ". ಅಂಗಡಿಯಿಂದ ಬಾ, ಬಾವಿಕಟ್ಟೆಯಿಂದ ಬಂದೆ. ಅಟ್ಟದ ಮೇಲಿಂದ ಬಾ, ಹಿತ್ತಿಲಿಂದ ಬಂದೆ. ಕರೆದವನಿಗೆ ಯಾಕೆ ಕರೆದೆ ಎಂಬುದು ಅಷ್ಟರಲ್ಲಿ ಮರೆತುಹೋಗಿರುತ್ತಿತ್ತು. ಬಂದವನಿಗೆ ಯಾಕೆ ಬಂದೆ ಎಂಬುದು ಮೊದಲೇ ಗೊತ್ತಿರುತ್ತಿರಲಿಲ್ಲ. ಇಬ್ಬರೂ ಎದುರುಬದುರು ನಿಂತು ಒಂದಿಷ್ಟು ಹೊತ್ತು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಇನ್ನೊಂದು ಕಡೆಯಿಂದ ಕೂಗು ಬಂದೊಡನೆ, ಸದ್ಯ ಬದುಕಿದೆವು ಎಂಬಂತೆ ಓಡುತ್ತಿದ್ದರು. ದಾರಿಯಲ್ಲಿ ಸಿಕ್ಕವರು "ಚೆನ್ನಾಗಿದ್ದೀರಾ?" ಎಂದು ಕೇಳುವ ಪದ್ಧತಿ ಇರಲಿಲ್ಲ. "ಸಾಯೋಕೂ ಪುರುಸೊತ್ತಿಲ್ಲ" ಎಂದು ಒಬ್ಬರು, "ನನಗೂ ಇಲ್ಲ" ಎಂದು ಇನ್ನೊಬ್ಬರು. ಅದೇ ಅಲ್ಲಿನ ನಮಸ್ಕಾರ.

ಇಂಥ ಊರಿಗೆ ಒಂದು ಕಟ್ಟಳೆ ಇತ್ತು. ಯಾರು ಮಾಡಿದ್ದೋ ಗೊತ್ತಿಲ್ಲ. ಮಾಡಿದವರಿಗೆ ಈ ಜನರ ಪರಿಚಯ ಇದ್ದಂತೆ ಕಾಣುವುದಿಲ್ಲ. ಮಗು ಹುಟ್ಟಿದ ದಿನ ತಾಯಿಯಾದವಳು ಒಂದು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹಾಲು ಹುಯ್ದು, ತನ್ನ ಕುಡಿಕೆಯ ಮೊಸರಿನಿಂದ ಒಂದು ತೊಟ್ಟು ಹೆಪ್ಪು ಅದಕ್ಕೆ ಬಿಡುತ್ತಿದ್ದಳು. ಮಗುವಿಗೆ ತಿಳಿವಳಿಕೆ ಬಂದ ಮೇಲೆ ಆ ಕುಡಿಕೆ ಅದರದೇ. ದಿನಾ ದೀಪ ಹಚ್ಚುವ ಹೊತ್ತಿಗೆ ಉಗುರುಬೆಚ್ಚಗಿನ ಹಾಲನ್ನು ತಾನೇ ಹುಯ್ಯಬೇಕು. ಹಾಲು ಅಲುಗಾಟ ನಿಲ್ಲಿಸಿ ಮೇಲೆ ತೆಳ್ಳಗೆ ಕೆನೆ ಮೂಡುವ ತನಕ ಅದರ ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಮಾತಾಡಬಾರದು. ಯಾರು ಕರೆದರೂ ಓಗೊಡಬಾರದು. ಬೆಳಿಗ್ಗೆ ಒಂದು ಚಮಚ ಮೊಸರು ತಿನ್ನಬೇಕು, ಒಂದು ಚಮಚ ಹೆಪ್ಪಿಗೆ ಉಳಿಸಬೇಕು. ಅಷ್ಟೇ. ಅಲ್ಲಿಂದ ಮುಂದೆ ಬೇರೆಯವರು ಹುಯ್ದ ಹಾಲು ಹೆಪ್ಪುಗಟ್ಟುತ್ತಿರಲಿಲ್ಲ. ಕೂತಿರುವಾಗ "ಬಂದೆ" ಎಂದರೂ ಹೆಪ್ಪುಗಟ್ಟುತ್ತಿರಲಿಲ್ಲ. ಎದ್ದು ಹೋಗುವುದೇ ಬೇಡ, ಆ ಮಾತು ಬಾಯಿಂದ ಹೊರಟರೆ ಸಾಕು, ಹಾಲು ಹಾಲಾಗಿಯೇ ಉಳಿದು ಬೆಳಗಾಗುವಷ್ಟರಲ್ಲಿ ನಾರುತ್ತಿತ್ತು.

ಕಟ್ಟಳೆಯ ಕೊನೆಯ ಭಾಗ ಇನ್ನೂ ಇದೆ. ಉಸಿರು ಹೋಗುವ ಹೊತ್ತಿನಲ್ಲಿ ನಾಲಿಗೆಯ ಮೇಲೆ ತನ್ನದೇ ಕುಡಿಕೆಯ ಮೊಸರು ಬೀಳಬೇಕು. ಅದು ಸಿಕ್ಕವರು ನಿದ್ದೆ ಬಂದ ಹಾಗೆ ಹೋಗುತ್ತಿದ್ದರು. ಸಿಗದವರು ಹೋಗುತ್ತಲೇ ಇರಲಿಲ್ಲ. ಸಾವೂ ಇಲ್ಲ, ಬದುಕೂ ಇಲ್ಲ, ಕಣ್ಣು ತೆರೆದುಕೊಂಡೇ ಮಲಗಿರುವುದು. ಹಸಿವಿಲ್ಲ, ನಿದ್ದೆಯಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಿವಿ ಹತ್ತಿರ ತಂದು ಕೇಳಿದರೆ "ಬಂದೆ, ಬಂದೆ, ಬಂದೆ" ಎನ್ನುವುದು ಕೇಳಿಸುತ್ತಿತ್ತು. ಅಂಥವರನ್ನು ಚಾವಡಿಯ ಹಿಂದಿನ ಉದ್ದನೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದ್ದರು. ಉಳಿದವರ ಸಾಲು ಎಂದು ಅದಕ್ಕೆ ಹೆಸರು.

ಇದನ್ನು ಕಂಡು ಊರಿನವರು ಹೆದರಿದರು ಎಂದುಕೊಂಡಿರಾ? ನಿಮಗೆ ಆ ಊರು ಅರ್ಥವಾಗಿಲ್ಲ. ಅವರು ಉಳಿದವರಿಗೆ ಹಾರ ಹಾಕಿದರು. "ನೋಡಿ, ಎಂಥ ಜೀವ! ಇವತ್ತಿಗೂ ಊರಿನ ಕೆಲಸಕ್ಕೆ ಬಂದೆ ಅಂತಿದೆ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ಬಾಗಿಲ ಹತ್ತಿರದ ಜಾಗಕ್ಕೆ ಹೆಚ್ಚು ಮರ್ಯಾದೆ, ಗೋಡೆ ಮೂಲೆಯ ಜಾಗಕ್ಕೆ ಕಡಿಮೆ. ಬದುಕಿರುವಾಗಲೇ ಯಾರಿಗೆ ಯಾವ ಜಾಗ ಎಂದು ಶಿಫಾರಸು ನಡೆಯುತ್ತಿತ್ತು.

ಹೆಪ್ಪು ಹೋಗಿದ್ದು ಒಂದೇ ದಿನ ಅಲ್ಲ. ಒಬ್ಬನು ಒಂದು ಸಂಜೆ ಕೂಗಿಗೆ ಓಗೊಟ್ಟ. ಇನ್ನೊಬ್ಬಳು ಒಲೆಯ ಮೇಲಿನ ಪಲ್ಯ ಸೀಯಿತೆಂದು ಎದ್ದಳು. ನಾಳೆ ಕೂತರಾಯಿತು ಎಂದುಕೊಂಡರು. ನಾಳೆಯ ದಿನ ಹೆಪ್ಪಿಗೆಂದು ಉಳಿದದ್ದು ನೀರಾಗಿತ್ತು. ಆದರೆ ವರ್ಷಕ್ಕೊಮ್ಮೆ ನೋಟದ ದಿನ ಎಂದು ಇತ್ತಲ್ಲ, ಅವತ್ತು ಎಲ್ಲರೂ ಕುಡಿಕೆ ತೆಗೆದುಕೊಂಡು ಚಾವಡಿಗೆ ಬರಬೇಕು, ಊರ ಯಜಮಾನ ಬಗ್ಗಿ ಒಳಗೆ ನೋಡಬೇಕು. ಖಾಲಿ ಕುಡಿಕೆ ತೋರಿಸುವುದು ಹೇಗೆ? ಯಾರೋ ಒಬ್ಬ ಬುದ್ಧಿವಂತ ಎಲೆಯಡಿಕೆಯ ಸುಣ್ಣ ತುಂಬಿಕೊಂಡು ಬಂದ. ಸುಣ್ಣ ಬೆಳ್ಳಗಿತ್ತು, ಗಟ್ಟಿಯಾಗಿತ್ತು, ಮೇಲೆ ನುಣ್ಣಗಿತ್ತು. ಯಜಮಾನ ಬಗ್ಗಿ ನೋಡಿ, "ಭೇಷ್! ಮೊಸರು ಅಂದ್ರೆ ಹೀಗಿರಬೇಕು" ಎಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಮುಂದಿನ ನೋಟದ ದಿನದ ಹೊತ್ತಿಗೆ ಅರ್ಧ ಊರು ಸುಣ್ಣ. ಅದರ ಮುಂದಿನದಕ್ಕೆ ಯಜಮಾನನ ಕುಡಿಕೆಯೂ ಸುಣ್ಣ. ಸುಣ್ಣಕ್ಕೆ ದಿನಾ ಹಾಲು ಬೇಡ, ಇರುವೆ ಮುತ್ತುವುದಿಲ್ಲ, ಕೆಡುವುದಿಲ್ಲ, ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ. ಉಳಿತಾಯವಾದ ಹೊತ್ತಿನಲ್ಲಿ ಅವರು ಕುಡಿಕೆಗೆ ಹಿತ್ತಾಳೆಯ ಮುಚ್ಚಳ ಮಾಡಿಸಿದರು, ಜರತಾರಿಯ ಕುಲಾವಿ ಹೊಲಿಸಿದರು, ಕೂರಿಸಲು ಕೆತ್ತನೆಯ ಮಣೆ ತರಿಸಿದರು. ಚಾವಡಿಯಲ್ಲಿ ಪ್ರತಿ ಸಂಜೆ ಹೆಪ್ಪಿನ ಮಹಿಮೆ ಕುರಿತು ಭಾಷಣ. ಮಾತಾಡುವವನ ಕುಡಿಕೆಯಲ್ಲೂ ಸುಣ್ಣ, ಕೇಳುವವರ ಕುಡಿಕೆಯಲ್ಲೂ ಸುಣ್ಣ, ಇಬ್ಬರ ಕಣ್ಣಲ್ಲೂ ನೀರು. ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೋಸ ಎಂದು ಗೊತ್ತಿದ್ದು ಮಾಡುವವರನ್ನಾದರೂ ಬೈಯಬಹುದು. ಇವರಿಗೆ ಬರಬರುತ್ತ ಮೊಸರು ಎಂದರೆ ಸುಣ್ಣ ಎಂದೇ ಆಗಿಹೋಗಿತ್ತು.

ಊರಿನಲ್ಲಿ ಮೋಸಹೋಗದೆ ಉಳಿದದ್ದು ಬೆಕ್ಕು ಒಂದೇ. ಅದು ಮನೆಮನೆಯ ಕುಡಿಕೆ ಮೂಸಿ, ಸೀನಿ, ಮುಂದಿನ ಮನೆಗೆ ಹೋಗುತ್ತಿತ್ತು. ಬಡಕಲಾಗಿತ್ತು ಪಾಪ.

ಈ ಊರಿಗೆ ಒಬ್ಬಳು ಸೊಸೆಯಾಗಿ ಬಂದಳು. ಹೊಳೆಯಾಚೆಯಿಂದ ಬಂದವಳು. ಈ ಕಟ್ಟಳೆ ಅಲ್ಲೂ ಇತ್ತು. ಮಡಿಲಲ್ಲಿ ತಾಯಿ ಕೊಟ್ಟ ಕುಡಿಕೆ, ಅದರ ಬಾಯಿಗೆ ಬಾಳೆ ಎಲೆ ಕಟ್ಟಿದ್ದಳು. ಅವಳು ಹೊಸಿಲು ದಾಟಿದ್ದೇ ತಡ, ಬೆಕ್ಕು ಅವಳ ಹಿಂದೆಯೇ ಒಳಗೆ ಬಂತು.

ಆ ಮನೆಯ ಅತ್ತೆ ಸಾಮಾನ್ಯಳಲ್ಲ. ಅವಳ ಕುಡಿಕೆ ನೋಟದ ದಿನ ಎಷ್ಟೋ ಸಲ ಮೊದಲನೆಯದಾಗಿ ಬಂದು, ಚಾವಡಿಯ ಹಲಗೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿತ್ತು. ಅವಳಷ್ಟು ಬೇಗ "ಬಂದೆ" ಎನ್ನುವವರು ಊರಲ್ಲೇ ಇರಲಿಲ್ಲ. ಕೆಲವು ಸಲ ಬಾ ಎನ್ನುವ ಮೊದಲೇ ಬಂದೆ ಎನ್ನುತ್ತಿದ್ದಳು. ಮದುವೆಯ ಮನೆಗೆ ಅವಳೇ, ಬಾಣಂತಿಯ ಕೋಣೆಗೆ ಅವಳೇ, ಜಗಳ ಬಿಡಿಸಲು ಅವಳೇ, ಹಚ್ಚಲೂ ಅವಳೇ.

ಮೊದಲ ಸಂಜೆ ಸೊಸೆ ಅಡುಗೆಮನೆಯ ಮೂಲೆಯಲ್ಲಿ ಹಾಲು ಹುಯ್ದು ಕೂತಳು. ಪಡಸಾಲೆಯಿಂದ ಗಂಡ "ಬಾ" ಎಂದ. ಜಗುಲಿಯಿಂದ ಅತ್ತೆ "ಬಾ" ಎಂದಳು. ಉತ್ತರವಿಲ್ಲ. ಇಡೀ ಬೀದಿ ಕಿವಿ ನಿಮಿರಿಸಿತು. ಒಂದು ಮನೆಯಲ್ಲಿ ಬಾ ಎಂಬ ಕೂಗಿಗೆ ಬಂದೆ ಎಂಬ ಉತ್ತರ ಬಾರದೆ ಹೋದದ್ದನ್ನು ಆ ಬೀದಿಯವರು ಕೇಳಿಯೇ ಇರಲಿಲ್ಲ. ಕೆನೆ ಮೂಡಿದ ಮೇಲೆ ಸೊಸೆ ಎದ್ದು ಬಂದು, "ಏನು ಅತ್ತೆ, ಕರೆದ್ರಾ?" ಎಂದಳು.

"ಕರೆದ್ರಾ ಅಂತೆ! ಗಂಟಲು ಹರಕೊಂಡೆ. ಒಳಗೆ ಏನ್ ಮಾಡ್ತಿದ್ದೆ?"

"ಹೆಪ್ಪು ಹಾಕಿ ಕೂತಿದ್ದೆ."

"ಎಲ್ರೂ ಹಾಕ್ತಾರಮ್ಮ ಹೆಪ್ಪು. ನಮ್ಮ ಕುಡಿಕೆ ಹಲಗೆ ಮೇಲೆ ಕೂತಿದೆ, ಹೋಗಿ ನೋಡ್ಕೊಂಡು ಬಾ. ಅದಕ್ಕೋಸ್ಕರ ಒಂದು ದಿನ ಆದ್ರೂ ಯಾರನ್ನಾದ್ರೂ ಕಾಯಿಸಿದೀನಾ ನಾನು?"

ಸೊಸೆಯನ್ನು ನಾನೇನೂ ತಲೆಯ ಮೇಲೆ ಹೊತ್ತುಕೊಳ್ಳುವುದಿಲ್ಲ. ಅವಳೇನು ಋಷಿಯಲ್ಲ. ಕೂತಾಗ ಅರ್ಧ ಹೊತ್ತು ಅನ್ನದ ಗಂಜಿ ಉಕ್ಕೀತೇ ಎಂಬ ಯೋಚನೆ, ಉಳಿದರ್ಧ ಅತ್ತೆಗೆ ಮನಸ್ಸಿನಲ್ಲೇ ಎದುರುತ್ತರ ಕೊಡುವುದು. ಬಾಯಲ್ಲಿ ಬಂದೆ ಎನ್ನದಿದ್ದರೂ, ಒಂದು ಮಳೆಗಾಲವೆಲ್ಲ ಅವಳೂ ಕೆನೆ ಮೂಡುವ ಹೊತ್ತಿಗೆ ಎದ್ದೆದ್ದು ಹೋದಳು. ಮೊಸರು ಲೋಳೆಲೋಳೆಯಾಗಿ, ಬೆರಳಿಗೆ ಹಚ್ಚಿದರೆ ನೂಲು ನೂಲಾಗಿ ಬರುವಂತಾಯಿತು. ಒಂದು ಬೆಳಿಗ್ಗೆ ಕುಡಿಕೆ ಬಗ್ಗಿಸಿ ನೋಡಿದಾಗ ತಳದಲ್ಲಿ ಕಣ್ಣೀರಿನಷ್ಟು ಏನೋ ಉಳಿದಿತ್ತು, ಅಷ್ಟೇ. ಅವಳಿಗೆ ಹೆದರಿಕೆಯಾಯಿತು. ಅವತ್ತಿನಿಂದ ಅವಳು ಏಳಲಿಲ್ಲ. ಅನ್ನ ಸೀಯಿತು, ಬೈಸಿಕೊಂಡಳು. ಹಾಲು ಉಕ್ಕಿತು, ಬೈಸಿಕೊಂಡಳು. ಮೊಸರು ಮೆಲ್ಲಗೆ ಮೈ ಹಿಡಿದುಕೊಂಡಿತು.

ನೋಟದ ದಿನ ಬಂತು. ಅತ್ತೆಯೂ ಸೊಸೆಯೂ ಒಟ್ಟಿಗೆ ಚಾವಡಿಗೆ ಹೋದರು. ಯಜಮಾನ ಅತ್ತೆಯ ಕುಡಿಕೆಯ ಜರತಾರಿ ಕುಲಾವಿ ತೆಗೆದು, ಮುಚ್ಚಳ ಎತ್ತಿ, ಬಗ್ಗಿ ನೋಡಿ ಕಣ್ಣು ಮುಚ್ಚಿಕೊಂಡ. "ಏನು ಬಿಳುಪು! ಏನು ಬಿಳುಪು!" ಎಂದ. ಆಮೇಲೆ ಸೊಸೆಯ ಕುಡಿಕೆಗೆ ಬಗ್ಗಿದವನು ಹಾವು ಕಂಡವನಂತೆ ಹಿಂದೆ ಸರಿದ.

"ಏನಮ್ಮಾ ಇದು? ಹಳದಿ ಬಣ್ಣ! ಮೇಲೆ ನೀರು ಬೇರೆ ನಿಂತಿದೆ! ಹುಳಿ ವಾಸನೆ!"

"ಮೊಸರು ಅಲ್ವಾ ಯಜಮಾನರೇ. ಹುಳಿ ಇರುತ್ತೆ."

"ಮೊಸರು ಹುಳಿ ಇರುತ್ತೇನ್ರಪ್ಪಾ?" ಎಂದು ಯಜಮಾನ ನೆರೆದವರ ಕಡೆ ತಿರುಗಿದ. ಊರಿಗೆ ಊರೇ ಬಿದ್ದುಬಿದ್ದು ನಕ್ಕಿತು. ಅಷ್ಟರಲ್ಲಿ ಬೆಕ್ಕು ಜನರ ಕಾಲಸಂದಿಯಿಂದ ನುಗ್ಗಿ ಬಂದು, ಬೇರೆ ಯಾವ ಕುಡಿಕೆಯತ್ತಲೂ ನೋಡದೆ, ಸೊಸೆಯ ಕುಡಿಕೆಗೆ ಮುಖ ಹಾಕಿತು. ಯಜಮಾನ ಇನ್ನೂ ಗೆಲುವಾದ. "ನೋಡಿದ್ರಾ! ಬೆಕ್ಕು ಬಾಯಿ ಹಾಕೋ ಅಂಥದ್ದು! ನಮ್ಮ ಕುಡಿಕೆಗಳ ಹತ್ತಿರ ಒಂದು ದಿನ ಸುಳಿದಿದೆಯಾ ಈ ಬೆಕ್ಕು? ಕೆಟ್ಟು ಹೋಗಿದೆ ಇದು. ಒಡೆದು ಹಾಕಿ."

ಒಡೆದವಳು ಅತ್ತೆಯೇ. ತನ್ನ ಮನೆಯ ಮರ್ಯಾದೆ ತಾನೇ ಉಳಿಸಿಕೊಳ್ಳಬೇಕಲ್ಲ. ಕುಡಿಕೆ ಎತ್ತಿ ಚಾವಡಿಯ ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದಳು. ಸೊಸೆ ಕುಸಿದು ಕೂತು, ಚೂರುಗಳ ಮೇಲೆ ತನ್ನ ಸೆರಗು ಹಾಸಿ, ಅಂಗೈ ಕುಯ್ದರೂ ಬಿಡದೆ ಒತ್ತಿ ಒತ್ತಿ ಒರೆಸಿದಳು. "ಒಳ್ಳೇ ಸೀರೆ ಹಾಳು ಮಾಡ್ಕೊಂಡ್ಲು" ಎಂದು ಹೆಂಗಸರು ಮರುಗಿದರು. ಆ ಊರಿನಲ್ಲಿ ಅವತ್ತು ಯಾರಾದರೂ ಮರುಗಿದ್ದರೆ ಆ ಸೀರೆಗೆ.

ಸಂಜೆ ಸೊಸೆ ಅಡುಗೆಮನೆಯಲ್ಲಿ ದಿನಾ ನೀರು ಕುಡಿಯುವ ಲೋಟ ತೆಗೆದುಕೊಂಡಳು. ಅದರಲ್ಲಿ ಬೆಚ್ಚಗಿನ ಹಾಲು ಹುಯ್ದು, ಮೊಸರು ಹೀರಿಕೊಂಡಿದ್ದ ಸೆರಗಿನ ಚುಂಗನ್ನು ಅದ್ದಿ, ಹಿಂಡಿ, ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಲೋಟದಲ್ಲಿ ಮೊಸರಿತ್ತು. ಕುಡಿಕೆ ಇಲ್ಲದೆ ಹೆಪ್ಪು ಉಳಿಯುವುದಿಲ್ಲ ಎಂದು ಆ ಊರಿನ ಭಾಷಣಗಳೆಲ್ಲ ಹೇಳುತ್ತಿದ್ದವು. ಲೋಟಕ್ಕೆ ಆ ಭಾಷಣ ಕೇಳಿ ಗೊತ್ತಿರಲಿಲ್ಲ.

ಅತ್ತೆ ಬಾಗಿಲ ಮರೆಯಲ್ಲಿ ನಿಂತು ಇದನ್ನು ನೋಡಿದಳು.

ಬೇಸಿಗೆ ಬಂತು. ಯಾರೋ ಬಾ ಎಂದಾಗ ಬಂದೆ ಎನ್ನುತ್ತ ಎದ್ದ ಅತ್ತೆ ಹೊಸಿಲ ಮೇಲೆ ಬಿದ್ದಳು. ಮತ್ತೆ ಏಳಲಿಲ್ಲ. ನಡುವಿನಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿದರು. ಊರವರು ಸಾಲುಗಟ್ಟಿ ಬಂದರು. ಯಜಮಾನ ಬಂದು ಕೈ ಹಿಡಿದುಕೊಂಡು, "ಏನೂ ಯೋಚನೆ ಮಾಡ್ಬೇಡಿ ಅಕ್ಕಾ. ಬಾಗಿಲ ಹತ್ತಿರದ ಜಾಗವೇ ನಿಮಗೆ. ನಾನು ಮಾತು ಕೊಟ್ಟಿದೀನಿ" ಎಂದ. ಅವನು ಹೋದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಯಾಕೆಂದರೆ ಅವಳು ಉಳಿದವರ ಸಾಲನ್ನು ಗುಡಿಸಿ ಒರೆಸಿದವಳು. ಅಲ್ಲಿ ಮಲಗಿದವರ ನಾಲಿಗೆಯ ಮೇಲೆ ಅವರವರ ಕುಡಿಕೆಯ ಸುಣ್ಣ ಇಡುವಾಗ ಪಕ್ಕದಲ್ಲಿ ನಿಂತವಳು. ಸುಣ್ಣ ಬಿದ್ದ ನಾಲಿಗೆ ಬೊಕ್ಕೆಯೆದ್ದು ಉರಿಯುವುದನ್ನು, ಕಣ್ಣಿಂದ ನೀರು ಸುರಿಯುವುದನ್ನು ಕಂಡವಳು. "ಆಹಾ, ಎಂಥ ಆನಂದ!" ಎಂದು ಸುತ್ತ ನಿಂತವರು ಕೈ ಮುಗಿಯುವಾಗ ಅವಳೂ ಮುಗಿದಿದ್ದಳು.

ಮಧ್ಯಾಹ್ನ ಸೊಸೆ ಗಂಜಿ ತಂದಳು. ಅತ್ತೆ ಗಂಜಿ ಮುಟ್ಟಲಿಲ್ಲ.

"ನಿನ್ನ ಲೋಟದಿಂದ ಒಂದು ಚಮಚ ಕೊಡ್ತೀಯಾ?"

"ಕೊಡ್ತೀನಿ ಅತ್ತೆ. ಆದ್ರೆ ಅದರಿಂದ ನಿಮಗೆ ಏನೂ ಆಗಲ್ಲ."

"ಕೊಡು."

ಕೊಟ್ಟಳು. ಅತ್ತೆ ಚಪ್ಪರಿಸಿದಳು. ಹುಳಿಯಿಲ್ಲ, ಸಪ್ಪೆಯೂ ಅಲ್ಲ, ಏನೂ ಇಲ್ಲ, ಗಾಳಿ ನುಂಗಿದ ಹಾಗೆ. ಅವಳ ಮುಖ ಸಣ್ಣದಾಯಿತು.

"ನಂದೂ ಇತ್ತು ಕಣೇ. ನಮ್ಮಮ್ಮ ಹಾಕಿಕೊಟ್ಟಿದ್ದು. ಮದುವೆಯಾಗಿ ಬಂದ ಮೇಲೆ ಮೊದಲನೇ ಸಲ ಕೂಗಿಗೆ ಓಗೊಟ್ಟಾಗ ಎದೆ ಹಿಂಡಿದ ಹಾಗಾಯ್ತು. ಎರಡನೇ ಸಲ ಅಷ್ಟಾಗಲಿಲ್ಲ. ಆಮೇಲೆ ಸುಣ್ಣ ಸಿಕ್ತು, ಹಾರ ಸಿಕ್ತು. ನಿನ್ನದನ್ನ ಒಡೆದೆನಲ್ಲ, ಅವತ್ತು ನಂಗೆ ಎಷ್ಟು ಹೊಟ್ಟೆಕಿಚ್ಚಾಗಿತ್ತು ಗೊತ್ತಾ ನಿನಗೆ?"

ಸೊಸೆ ಗಂಜಿಯ ಬಟ್ಟಲು ಎತ್ತಿ ಪಕ್ಕಕ್ಕಿಟ್ಟಳು. ಸಿಟ್ಟು ಇತ್ತು, ಇಲ್ಲ ಎನ್ನಲಾರೆ. ಒಡೆದ ಚೂರು ಮಾಡಿದ ಗುರುತು ಅವಳ ಅಂಗೈಯಲ್ಲಿ ಇನ್ನೂ ಇತ್ತು. ಆಮೇಲೆ ಹೇಳಿದಳು: "ತಾಯಿ ಒಂದು ತೊಟ್ಟು ಹಾಕಿದ್ರೆ ಶುರುವಾಗುತ್ತೆ ಅಲ್ವಾ? ನಾನು ಒಂದು ತೊಟ್ಟು ಹಾಕ್ತೀನಿ. ಹಾಲು ಮಾತ್ರ ನೀವೇ ಹುಯ್ಯಬೇಕು. ನೀವೇ ಕೂರಬೇಕು."

"ಕೂರೋಕೆಲ್ಲಿ ಆಗುತ್ತೆ ನಂಗೆ?"

"ಮಲಗೇ ಇರಿ. ಬಂದೆ ಅನ್ನದೆ ಇದ್ರೆ ಸಾಕು."

"ಅಷ್ಟೇ ತಾನೇ?" ಎಂದಳು ಅತ್ತೆ. ಅಷ್ಟೇ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಸುಣ್ಣ ಕೆರೆದು ತೆಗೆದರೂ ಆ ಕುಡಿಕೆಯ ಉರಿ ಹೋಗಲಿಲ್ಲ. ಅದಕ್ಕೆ ಸೊಸೆ ಇನ್ನೊಂದು ಲೋಟ ತಂದಳು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಮಲಗಿದಲ್ಲಿಂದಲೇ ಹಾಲು ಹುಯ್ದಳು. ಅರ್ಧ ಹಾಸಿಗೆಗೆ, ಅರ್ಧ ಲೋಟಕ್ಕೆ. ಸೊಸೆ ಒಂದು ತೊಟ್ಟು ಬಿಟ್ಟಳು. ಬೀದಿಯಿಂದ ಯಾರೋ ಯಾರನ್ನೋ "ಬಾ" ಎಂದರು. ಇವಳನ್ನಲ್ಲ. "ಬಂದೆ!" ಎಂದುಬಿಟ್ಟಳು ಅತ್ತೆ. ಕಾಲು ಎತ್ತಲಾಗದವಳು, ಮಗ್ಗುಲು ಹೊರಳಲಾಗದವಳು, ಬಂದೆ ಎಂದಳು. ಬೆಳಿಗ್ಗೆ ಹಾಲು ನಾರುತ್ತಿತ್ತು.

ಮರುದಿನ ಬಾಯಿಗೆ ಸೆರಗು ತುರುಕಿಕೊಂಡಳು. ಸೆರಗಿನೊಳಗಿಂದಲೇ ಬಂದೆ ಎಂದಳು. ಅದರ ಮರುದಿನವೂ ಅದೇ. ನೀವು ನಗಬಹುದು, ನಾನೂ ನಕ್ಕಿದ್ದೆ. ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು, ಹಾಲು ದಿನದಿನವೂ ಕೆಡುತ್ತಿತ್ತು, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಸೊಸೆ ಪ್ರತಿ ಬೆಳಿಗ್ಗೆ ಲೋಟ ತೊಳೆದು ಬೋರಲು ಹಾಕುತ್ತಿದ್ದಳು. ಸಂಜೆ ಮತ್ತೆ ತಂದಿಡುತ್ತಿದ್ದಳು.

ಕೊನೆಗೆ ಊರವರೇ ದಿನ ಗೊತ್ತು ಮಾಡಿದರು. ಅತ್ತೆಯನ್ನು ಉಳಿದವರ ಸಾಲಿಗೆ ಕರೆದೊಯ್ಯಲು ಯಜಮಾನ ವಾದ್ಯದವರನ್ನು ಕರೆತಂದ. ಹಾರ ಬಂತು, ಹೊರಲು ಮಂಚ ಬಂತು, ಹಲಗೆಯ ಮೇಲಿಂದ ಅವಳ ಸುಣ್ಣದ ಕುಡಿಕೆಯೂ ಇಳಿದು ಬಂತು. ಅದು ದೀಪ ಹಚ್ಚುವ ಹೊತ್ತು. ಅತ್ತೆ ಆಗತಾನೆ ಹಾಲು ಹುಯ್ದಿದ್ದಳು, ಸೊಸೆ ತೊಟ್ಟು ಬಿಟ್ಟಿದ್ದಳು.

"ಅಕ್ಕಾ, ಬನ್ನಿ! ಊರೇ ಕಾಯ್ತಿದೆ!" ಎಂದ ಯಜಮಾನ ಅಂಗಳದಿಂದ.

ಅತ್ತೆಯ ತುಟಿ ನಡುಗಿತು. ಹಾಲಿನ ಕಡೆ ನೋಡಿದಳು. ಹಾಲು ಇನ್ನೂ ಅಲ್ಲಾಡುತ್ತಿತ್ತು.

"ಬನ್ನಿ ಅಕ್ಕಾ! ಬಾಗಿಲ ಹತ್ತಿರದ ಜಾಗ ಖಾಲಿ ಮಾಡಿಸಿದೀವಿ!"

ವಾದ್ಯ ಮೊಳಗಿತು. ಜನ ಎಲ್ಲ ಸೇರಿ "ಬನ್ನಿ, ಬನ್ನಿ" ಎಂದರು. ಅವಳು ಓಡಿ ಹೋಗಿ ಉಪಕಾರ ಮಾಡಿದ್ದ ಪ್ರತಿಯೊಂದು ಬಾಯಿಯೂ ಅದರಲ್ಲಿತ್ತು. ಅತ್ತೆ ಹಲ್ಲು ಕಚ್ಚಿದಳು. ಹಣೆಯ ಮೇಲೆ ಬೆವರು ಕಿತ್ತುಕೊಂಡಿತು. ಆಮೇಲೆ ವಾದ್ಯ ನಿಂತಿತು. ಕೋಣೆಯ ಬಾಗಿಲಿಗೆ ಮಗ ಬಂದು ನಿಂತ. ಸೊಸೆಯ ಗಂಡ ಅವನೇ. ಒಳ್ಳೆಯವನೇ, ಊರು ಹೇಳಿದ್ದನ್ನು ಮಾಡುವವನು.

"ಅಮ್ಮಾ, ಬಾಮ್ಮಾ" ಎಂದ.

ಅವನು ತೊಟ್ಟಿಲಲ್ಲಿ ಅತ್ತಾಗ ಅವಳು ಬಂದೆ ಎಂದಿದ್ದಳು. ಬಿದ್ದಾಗ, ಹಸಿದಾಗ, ಜ್ವರ ಬಂದಾಗ, ಸುಮ್ಮಸುಮ್ಮನೆ ಕರೆದಾಗಲೂ ಬಂದೆ ಎಂದಿದ್ದಳು. ಅವನ ಕೂಗಿಗೆ ಉತ್ತರ ಕೊಡದೆ ಇದ್ದದ್ದು ಅವಳ ಜನ್ಮದಲ್ಲೇ ಇರಲಿಲ್ಲ. ಸೊಸೆ ಕಣ್ಣು ಮುಚ್ಚಿಕೊಂಡಳು.

"ಅಮ್ಮಾ, ನನ್ನ ಮರ್ಯಾದೆ ಕಳೀಬೇಡ. ಬಾಮ್ಮಾ."

ಅತ್ತೆಯ ಕಣ್ಣಿಂದ ಧಾರಾಕಾರವಾಗಿ ನೀರು ಇಳಿಯಿತು. ಮಗನ ಮುಖವನ್ನು ನೋಡಿದಳು. ಅಲ್ಲಿಂದ ನೋಟ ಕಿತ್ತು ಹಾಲಿನ ಮೇಲೆ ನೆಟ್ಟಳು. ಬಾಯಿ ತೆರೆಯಿತು. ತೆರೆದ ಬಾಯಿಯಿಂದ ಮಾತು ಬರಲಿಲ್ಲ. ಉಸಿರು ಬಂತು, ಮತ್ತೆ ಒಳಗೆ ಹೋಯಿತು. ಹಾಲು ನಿಂತಿತು. ಮೇಲೆ ತೆಳ್ಳಗೆ ಕೆನೆ ಮೂಡಿತು.

ಅಂಗಳದಲ್ಲಿ ಯಾರೋ "ಥೂ" ಎಂದರು. ಊರು ಕರೆದರೆ ಓಗೊಡದ ಹೆಂಗಸು ಎಂದು ಹಾರವನ್ನು ಅಲ್ಲೇ ಬಿಸಾಡಿ, ಮಂಚ ಎತ್ತಿಕೊಂಡು ಹೋದರು. ಸುಣ್ಣದ ಕುಡಿಕೆಯನ್ನು ಮಾತ್ರ ಜೋಪಾನವಾಗಿ ತೆಗೆದುಕೊಂಡು ಹೋದರು.

ಬೆಳಿಗ್ಗೆ ಸೊಸೆ ಲೋಟ ತಂದಳು. ಹಳದಿ ಛಾಯೆ, ಅಂಚಿನಲ್ಲಿ ಒಂದಿಷ್ಟು ನೀರು, ಬಗ್ಗಿಸಿದರೆ ಚೆಲ್ಲದ ಗಟ್ಟಿ. ಅದಕ್ಕೆ ಮೊದಲೇ ಬೆಕ್ಕು ಬಂದು ಹಾಸಿಗೆಯ ತುದಿಯಲ್ಲಿ ಕೂತಿತ್ತು. ಅತ್ತೆ ಒಂದು ಚಮಚ ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು.

"ಹುಳಿ" ಎಂದಳು. ಇನ್ನೊಮ್ಮೆ ಚಪ್ಪರಿಸಿ, "ನಂದೇ" ಎಂದಳು. ಸೊಸೆಯ ಅಂಗೈಯ ಗುರುತಿನ ಮೇಲೆ ತನ್ನ ಬೆರಳಿಟ್ಟು ಹಾಗೆಯೇ ಮಲಗಿದಳು. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಉಸಿರು ನಿಂತಿತ್ತು. ಉಳಿದ ಒಂದು ಚಮಚವನ್ನು ಸೊಸೆ ಹಿತ್ತಿಲಿನ ಮಣ್ಣಿಗೆ ಹಾಕಿ, ಮಣ್ಣು ಮುಚ್ಚಿ, ಅಲ್ಲೇ ಕೂತು ಅತ್ತಳು.

ಆ ಊರಿನಲ್ಲಿ ಯಾರಾದರೂ ಸತ್ತು ಬಹಳ ಕಾಲವಾಗಿತ್ತು. ಏನು ಮಾಡಬೇಕೆಂದೇ ಜನಕ್ಕೆ ಮರೆತಿತ್ತು. ಮಾತಾಡುವುದು ಮರೆತಿರಲಿಲ್ಲ. "ಸತ್ತೇ ಹೋದಳಂತಲ್ಲ!" ಎಂದು ಬಾವಿಕಟ್ಟೆಯಲ್ಲಿ ಮೂಗು ಮುರಿದರು. "ಅಷ್ಟು ಪುರುಸೊತ್ತು ಎಲ್ಲಿ ಸಿಕ್ತೋ! ನಾವೂ ಇದೀವಲ್ಲ, ಊಟ ಮಾಡೋಕೂ ಹೊತ್ತಿಲ್ಲ." ಯಜಮಾನ ಚಾವಡಿಯಲ್ಲಿ ಭಾಷಣ ಮಾಡಿ, ಅವಳ ಸುಣ್ಣದ ಕುಡಿಕೆಯನ್ನಷ್ಟೇ ಉಳಿದವರ ಸಾಲಿನ ಬಾಗಿಲ ಹತ್ತಿರ ಮಲಗಿಸಿ ಹಾರ ಹಾಕಿಸಿದ. ಜನ ಅದಕ್ಕೂ ಕೈ ಮುಗಿದರು.

ಆದರೆ ಒಂದು ಸಂಜೆ ಸೊಸೆಯ ಹಿತ್ತಿಲ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ತೆರೆದರೆ ಯಜಮಾನ. ತಲೆಯ ಮೇಲೆ ಶಾಲು, ಶಾಲಿನೊಳಗೆ ಬರಿದಾದ ಕುಡಿಕೆ. ಎರಡೂ ಕೈ ಸುಣ್ಣ ಕೆರೆದು ಕೆಂಪಾಗಿದ್ದವು.

"ತಾಯೀ, ರಾತ್ರಿಯೆಲ್ಲ ನಿದ್ದೆ ಬರಲ್ಲ. ಒಂದು ತೊಟ್ಟು ಹಾಕು. ಯಾರಿಗೂ ಹೇಳ್ಬೇಡ."

ಅವಳು ಹಾಲು ಬೆಚ್ಚಗೆ ಮಾಡಿ ತಂದಳು. ಲೋಟವೊಂದನ್ನು ಮುಂದಿಟ್ಟಳು. ಅವನೇ ಹಾಲು ಹುಯ್ದ. ಅವಳು ಒಂದು ತೊಟ್ಟು ಬಿಟ್ಟಳು. "ಕೂತ್ಕೊಳ್ಳಿ" ಎಂದಳು. ಅವನು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಆಚೆ ಮೂಲೆಯಲ್ಲಿ ಅವಳೂ ತನ್ನ ಲೋಟದ ಪಕ್ಕ ಕೂತಳು. ನಡುವೆ ಬೆಕ್ಕು. ಹಾಲು ಅಲ್ಲಾಡುತ್ತಿತ್ತು. ಯಜಮಾನನ ಮುಖದ ಮೇಲೆ ಏನೋ ಒಂದು ಸಡಿಲವಾಗತೊಡಗಿತು. ಎಷ್ಟೋ ವರ್ಷದ ಮೇಲೆ ಮನೆಗೆ ಬಂದವನ ಹಾಗೆ ಕಾಣುತ್ತಿದ್ದ. ಅಯ್ಯೋ, ಇವನೂ ದಾಟಿಬಿಟ್ಟನೇ ಎಂದು ಆ ಕ್ಷಣ ನನಗೂ ಅನಿಸಿತ್ತು.

ಚಾವಡಿಯ ಕಡೆಯಿಂದ ಯಾರೋ ಕೂಗಿದರು: "ಯಜಮಾನರೇ! ಭಾಷಣಕ್ಕೆ ಹೊತ್ತಾಯ್ತು, ಬನ್ನಿ!"

ಅವನು ಹಾಲಿನ ಕಡೆ ನೋಡಿದ. ಬಾಗಿಲ ಕಡೆ ನೋಡಿದ. ಎದ್ದು ಶಾಲು ಕೊಡವಿಕೊಂಡ.

"ಒಂದೇ ನಿಮಿಷ ತಾಯೀ. ಹೆಪ್ಪಿನ ಮೇಲೇ ಮಾತಾಡಬೇಕು ಇವತ್ತು, ಹೋಗದೆ ಇದ್ರೆ ಆಗಲ್ಲ. ಇದನ್ನ ಸ್ವಲ್ಪ ನೀನೇ ನೋಡ್ಕೊಂಡಿರು" ಎಂದು ಹೇಳಿ, ಬಾಗಿಲು ದಾಟುವ ಮೊದಲೇ "ಬಂದೆ!" ಎಂದ.

ಸೊಸೆ ಓಗೊಡುವ ಹೊತ್ತಲ್ಲ ಅದು. ಅವಳು ತನ್ನ ಲೋಟದ ಪಕ್ಕ ಸುಮ್ಮನೆ ಕೂತೇ ಇದ್ದಳು. ಬೆಕ್ಕು ಎದ್ದು ಮೈ ಮುರಿದು, ಯಜಮಾನನ ಲೋಟದ ಹಾಲನ್ನು ತಳ ಕಾಣುವ ತನಕ ನೆಕ್ಕಿತು.

ಅವನೀಗ ಉಳಿದವರ ಸಾಲಿನಲ್ಲಿ, ಅತ್ತೆಯ ಕುಡಿಕೆ ಸರಿಸಿ ಮಾಡಿಕೊಟ್ಟ ಬಾಗಿಲ ಹತ್ತಿರದ ಜಾಗದಲ್ಲಿ ಇದ್ದಾನೆ. ನಾಲಿಗೆಯ ಮೇಲೆ ಸುಣ್ಣ ಇಟ್ಟಿದ್ದಾರೆ, ಬೊಕ್ಕೆ ಒಡೆದಿದೆ, ಕಣ್ಣಿಂದ ನೀರು ಸುರಿಯುತ್ತಿದೆ, ಜನ ಕೈ ಮುಗಿಯುತ್ತಿದ್ದಾರೆ. ಮೊನ್ನೆ ಆ ದಾರಿಯಾಗಿ ಹೋಗುವಾಗ ಕಿಟಕಿಯ ಪಕ್ಕ ನಿಂತು ಕಿವಿಗೊಟ್ಟೆ. "ಬಂದೆ" ಎನ್ನುತ್ತಿದ್ದ. "ಬಂದೆ, ಬಂದೆ, ಇಗೋ ಬಂದೆ." ನಾನು ಹಿಂದೆ ಮುಂದೆ ನೋಡಿದೆ. ಅವನನ್ನು ಯಾರೂ ಕರೆದಿರಲಿಲ್ಲ.